ಬಿಚ್ಚದ ತೊಗಟೆ

ಮೈಕಿಗೆ ಯಾರೋ ಬೆರಳಿನಿಂದ ತಟ್ಟಿದರು, ತಟ್ಟಿದ ಸದ್ದು ಎತ್ತರದ ಚಾವಣಿಗೆ ಹೋಗಿ ತಡವಾಗಿ ಕೆಳಗಿಳಿದು ಬಂತು, ಗೋಧಿ ವ್ಯಾಪಾರಿಗಳು ನಿಂತು ದರ ಕೂಗುತ್ತಿದ್ದ ಹಜಾರವಲ್ಲವೇ ಇದು, ಆ ಕೂಗೆಲ್ಲ ಇನ್ನೂ ಮೇಲೆಲ್ಲೋ ಮೂಲೆ ಹಿಡಿದು ಕೂತಿರಬೇಕು, ಹೊಸ ಸದ್ದು ಹೋದರೆ ತಡೆದು ವಿಚಾರಿಸಿ ವಾಪಸು ಕಳಿಸುತ್ತದೆ—ಹಿಂದಿರೋರಿಗೆ ಕೇಳಿಸ್ತಿದೆಯಾ, ಎಂದು ರೋಡೆಲ್ ಕೇಳುತ್ತಿದ್ದಾನೆ, ನಿನ್ ಗಂಟಲಿಗೆ ಮೈಕು ಬೇರೆ ಬೇಕೇನೋ, ಎಂದು ಹಿಂದಿನಿಂದ ಯಾರೋ ಅಂದರು, ಜನ ನಕ್ಕರು, ಕೊರಿನ್ ಕೂಡ ನಕ್ಕಳು, ತುಟಿಯಿಂದ ಮಾತ್ರ. ವೇದಿಕೆಯ ಉದ್ದ ಮೇಜು, ಅವಳ ಮುಂದೆ ನೀರಿನ ಲೋಟ, ಲೋಟದ ಈಚೆಗೆ ಬೋರಲು ಹಾಕಿದ ಕೆಂಪು ಕಾರ್ಡು, ಆಚೆಗೆ ಕೆಂಪು ಬಟ್ಟೆಯ ಪುಟ್ಟ ಗಂಟು, ಗಂಟಿನೊಳಗೆ ಹೊಗೆಸೊಪ್ಪು. ಊಟಕ್ಕೆ ಮುಂಚೆ ಫಿಲೊಮೀನ್ ಚಿಕ್ಕಮ್ಮ ಅದನ್ನು ತಂದು ಅಲ್ಲಿಟ್ಟು ಹೋದಳು, ಇಟ್ಟಲ್ಲೇ ಇದೆ, ಮೇಜು ಒರೆಸಲು ಬಂದ ಹೆಂಗಸು ಅದರ ಸುತ್ತ ಒರೆಸಿಕೊಂಡು ಹೋಗಿದ್ದಾಳೆ, ಕೊರಿನ್ ಮುಟ್ಟಿಲ್ಲ, ಮುಟ್ಟಿದರೆ ವಾಪಸು ತೆಗೆದುಕೊಂಡ ಹಾಗೆ, ಮುಟ್ಟದಿದ್ದರೇನು, ಬಂದದ್ದು ಬಂದಾಯಿತು. ರೋಡೆಲ್ ಕಾಗದ ಸರಿಮಾಡಿಕೊಳ್ಳುತ್ತ ಅವಳ ಕಿವಿಗೆ ಬಗ್ಗಿದ, ಅಕ್ಕಾ, ನಿನ್ ಹೆಸರು ಕೊನೇಲಿ ಬರುತ್ತೆ, ಆಗ ಎದ್ ನಿಂತ್ಕೋ, ಅಳೋದಾದ್ರೆ ಮೈಕಿಂದ ದೂರ ಅಳು, ಅಂದ. ಅವನ ಖುಷಿ ನಿಜವಾದದ್ದು, ಎಷ್ಟು ವರ್ಷದ ಓಡಾಟ, ಈ ಕಟ್ಟಡ ಇನ್ನು ಮೇಲೆ ಅವರದು, ನಗರಸಭೆಯೇ ಬಿಟ್ಟುಕೊಟ್ಟಿದೆ, ಅವರದು ಎಂದರೆ ಬೇರೆಯವರ ನಾಟಕ ಮಂದಿರಗಳಲ್ಲಿ, ಬೇರೆಯವರ ಚಿತ್ರಶಾಲೆಗಳಲ್ಲಿ ಮೊದಲಿಗೆ ಒಂದು ಡೋಲು ಬಾರಿಸಲು, ಒಂದು ಪ್ರಾರ್ಥನೆ ಹೇಳಲು, ಫೋಟೊದಲ್ಲಿ ಬಿಳಿಯಲ್ಲದ ಮುಖವೊಂದು ಬೇಕಾದಾಗ ಬಂದು ನಿಲ್ಲಲು ಕರೆಸಿಕೊಂಡು ಆಮೇಲೆ ಹಿಂದಿನ ಬಾಗಿಲಿನಿಂದ ಕಳಿಸಿಕೊಡುತ್ತಿದ್ದವರದು, ಈ ನೆಲದ ಮೂಲನಿವಾಸಿಗಳಾದ ಅನಿಶಿನಾಬೆಗಳು, ಕ್ರೀಗಳು, ಆಮೇಲೆ ಬಂದ ಫಿಲಿಪಿನೊಗಳು, ಸೊಮಾಲಿಗಳು, ಎಲ್ಲರದು. ಇಲ್ಲಿ ಏನು ಆಡಬೇಕು, ಯಾರದನ್ನು ಗೋಡೆಗೆ ಹಾಕಬೇಕು, ಯಾರು ಯಾರಿಗೆ ಕಲಿಸಬೇಕು, ಎಲ್ಲ ಅವರೇ ತೀರ್ಮಾನಿಸುವುದು, ಆ ಮನೆಯ ಯಜಮಾನಿಕೆ ಕೊರಿನ್‌ಗೆ, ಇನ್ನು ಸ್ವಲ್ಪ ಹೊತ್ತಿನಲ್ಲಿ, ರೋಡೆಲ್ ಓದಿ ಮುಗಿಸಿದ ಕೂಡಲೇ. ಮೂರನೆಯ ಸಾಲಿನಲ್ಲಿ ಅವಳ ಊರಿನ ಹೆಂಗಸರು ಕೂತಿದ್ದಾರೆ, ಬೆಳಗ್ಗೆ ವ್ಯಾನು ಮಾಡಿಕೊಂಡು ಬಂದವರು, ಅವರ ನಡುವೆ ಚಿಕ್ಕಮ್ಮನ ಕುರ್ಚಿ ಖಾಲಿ, ಕುರ್ಚಿಯ ಬೆನ್ನಿಗೆ ಯಾರೋ ಮೇಲಂಗಿ ನೇತುಹಾಕಿ ಅದನ್ನು ತುಂಬಿದ ಹಾಗೆ ಮಾಡಿದ್ದಾರೆ, ಆದರೂ ಖಾಲಿಯೇ.

ಅದೇನಕ್ಕಾ ನಿಮ್ ಚಿಕ್ಕಮ್ಮ ಕೊಟ್ಟಿದ್ದು, ಆಶೀರ್ವಾದಾನಾ, ಎಂದು ಊಟದ ಸಾಲಿನಲ್ಲಿ ರೋಡೆಲ್ ಕೇಳಿದ್ದ, ಕೈಯಲ್ಲಿ ತಟ್ಟೆ, ತಟ್ಟೆಯ ತುಂಬ ಅವನ ತಾಯಿ ಮಾಡಿ ಕಳಿಸಿದ ಶಾವಿಗೆ, ಹೂಂ ಅಂದುಬಿಟ್ಟಳು. ಎಷ್ಟು ಸಲೀಸಾಗಿ ಬಂತು ಆ ಹೂಂ. ಹಿಂದೆ ನಿಂತಿದ್ದ ಯಾವಳೋ ಹುಡುಗಿ, ಹಿರಿಯರ ಆಶೀರ್ವಾದ, ನೋಡಿ ಕಣ್ಣೀರೇ ಬಂತು ನಂಗೆ, ಅಂದಳು, ಅದಕ್ಕೂ ತಲೆಯಾಡಿಸಿದಳು, ಸೂಪು ಬಡಿಸಿಕೊಂಡಳು, ಕಾಡಿನ ಅಕ್ಕಿಯ ಸೂಪು, ಊರಿನ ಹೆಂಗಸರೇ ಪಾತ್ರೆಗಟ್ಟಲೆ ತಂದದ್ದು, ಬಡಿಸುತ್ತಿದ್ದ ಡೋರಾ, ಇವಳಿಗಿಂತ ವಯಸ್ಸಿನಲ್ಲಿ ಚಿಕ್ಕವಳು, ಒಟ್ಟಿಗೆ ಹೆಪ್ಪುಗಟ್ಟಿದ ಕೆರೆಯ ಮೇಲೆ ಜಾರಿ ಬಿದ್ದು ಮೊಣಕಾಲು ತರಚಿಕೊಂಡು ಬೆಳೆದವಳು, ಮುಖ ಎತ್ತಲಿಲ್ಲ, ಸೌಟು ಮಾತ್ರ ಎತ್ತಿದಳು, ಇನ್ನೊಂದ್ ಸ್ವಲ್ಪ ಹಾಕ್ಲಾ ಮೇಡಂ, ಅಂದಳು. ಮೇಡಂ. ಡೋರಾಗೆ ಗೊತ್ತು, ಮೂರನೆಯ ಸಾಲಿಗೆ ಇಡೀ ಗೊತ್ತು, ಹೊಗೆಸೊಪ್ಪಿನ ಗಂಟು ವಾಪಸು ಬಂತೆಂದರೆ ಏನೆಂದು. ಊರಿನಲ್ಲಿ ದೊಡ್ಡವರ ಹತ್ತಿರ ಏನಾದರೂ ಕೇಳಬೇಕಾದರೆ ಬರಿಗೈಯಲ್ಲಿ ಕೇಳುವುದಿಲ್ಲ, ಗಂಟು ಹಿಡಿದು ಕೇಳುತ್ತಾರೆ, ಎಡಗೈಯಲ್ಲಿ, ಎದೆಗೆ ಹತ್ತಿರದ ಕೈಯಲ್ಲಿ, ಅವರು ತೆಗೆದುಕೊಂಡರೆ ಮಾಡುತ್ತೇನೆ ಎಂದು ಅರ್ಥ, ಅಷ್ಟೇ ಅಲ್ಲ, ಕೊಟ್ಟವನಿಗೂ ಅದರಲ್ಲಿ ಕಟ್ಟು ಇದೆ, ಕೇಳಿದ್ದನ್ನು ಕೊನೆಯವರೆಗೂ ಕೂತು ಕೇಳಿಸಿಕೊಳ್ಳಬೇಕು, ಹೊಟ್ಟೆ ಹಸಿಯಲಿ, ಕಾಲು ಜೋಮು ಹಿಡಿಯಲಿ, ಒಲೆ ಆರಲಿ. ಇದನ್ನು ಅವಳಿಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟದ್ದಲ್ಲ, ಉಸಿರಾಡುವುದನ್ನು ಯಾರು ಹೇಳಿಕೊಡುತ್ತಾರೆ.

ಮೊದಲನೆಯದಾಗಿ, ಎಂದು ರೋಡೆಲ್ ಓದುತ್ತಿದ್ದಾನೆ, ಈ ಮನೆಯಲ್ಲಿ ಯಾರೂ ಅತಿಥಿಗಳಲ್ಲ—ಚಪ್ಪಾಳೆ. ಆ ಸಾಲು ಅವಳೇ ಬರೆದದ್ದು. ಕಳೆದ ವಾರ ಚಿಕ್ಕಮ್ಮನ ಅಡುಗೆಮನೆಯಲ್ಲಿ ಕೂತು ತಲೆಯಲ್ಲಿ ಬರೆದುಕೊಂಡದ್ದು, ಕಿಟಕಿಯಾಚೆ ಸರೋವರ ಇನ್ನೂ ಹೆಪ್ಪುಗಟ್ಟಿತ್ತು, ಒಳಗೆ ಬಾಣಲೆಯಲ್ಲಿ ರೊಟ್ಟಿ ಊದುತ್ತಿತ್ತು, ಚಿಕ್ಕಮ್ಮ ಕೈಯ ಹಿಟ್ಟು ಒರೆಸಿಕೊಂಡು ಅವಳ ಎಡಗೈಯನ್ನೂ ಅದರಲ್ಲಿದ್ದ ಗಂಟನ್ನೂ ನೋಡಿದಳು, ತಕ್ಷಣ ತೆಗೆದುಕೊಳ್ಳಲಿಲ್ಲ, ರೊಟ್ಟಿ ಮಗುಚಿ ಹಾಕಿ ಬಂದಳು, ಹೇಳು ಮಗಳೇ, ಅಂದಳು. ಚಿಕ್ಕಮ್ಮಾ, ಶನಿವಾರ ವಿನಿಪೆಗ್‌ಗೆ ಬಂದು ಜನರ ಮುಂದೆ ಮಾತಾಡ್ಬೇಕು, ತೊಗಟೆ ಕಚ್ಚಿ ತೋರಿಸ್ಬೇಕು, ಆಮೇಲೆ ನನ್ ಪಕ್ಕ ನಿಂತ್ಕೊಂಡು ಇವಳು ನಮ್ಮವಳು ಅಂತ ಒಂದ್ ಮಾತು ಹೇಳ್ಬೇಕು. ಅದಕ್ಕೆ ಅಷ್ಟೊಂದು ದೂರ ಬರ್ಬೇಕಾ, ಇಲ್ಲಿಂದ್ಲೇ ಕೂಗ್ತೀನಿ ಬಿಡು. ಚಿಕ್ಕಮ್ಮಾ, ತಮಾಷೆ ಅಲ್ಲ. ತಮಾಷೆ ಅಂತ ಯಾರಂದ್ರು, ನನ್ ಗಂಟಲು ನೀನ್ ಕೇಳಿಲ್ಲ—ಸರಿ, ಎಷ್ಟೊತ್ತು ಮಾತಾಡ್ಬೇಕು. ನಿಂಗೆಷ್ಟು ಬೇಕೋ ಅಷ್ಟೊತ್ತು. ನಾನು ಅಜ್ಜಿಯಿಂದ ಶುರು ಮಾಡಿದ್ರೆ ಕೆರೆ ಕರಗೋ ಹೊತ್ತಾಗುತ್ತೆ, ನೋಡ್ಕೋ. ಕರಗ್ಲಿ ಬಿಡು, ಅಂದಳು ಕೊರಿನ್, ಹೌದು, ಅವಳೇ ಅಂದದ್ದು, ಕರಗ್ಲಿ ಬಿಡು ಅಂತ, ನಗುತ್ತ, ಆ ಅಡುಗೆಮನೆಯಲ್ಲಿ ಅದು ನಿಜವೇ ಆಗಿತ್ತು, ಬಾಣಲೆಯ ಎಣ್ಣೆಯ ವಾಸನೆ, ಕಿಟಕಿ ಗಾಜಿಗೆ ಚಿಕ್ಕಮ್ಮ ಅಂಟಿಸಿಟ್ಟ ಹಳೆಯ ತೊಗಟೆಗಳು, ಬೆಳಕು ಬಿದ್ದರೆ ಅವುಗಳಲ್ಲಿ ಹಲ್ಲಿನ ಗುರುತೆಲ್ಲ ಎದ್ದು ಏರೋಪ್ಲೇನ್ ಚಿಟ್ಟೆಗಳಾಗುತ್ತವೆ, ಎಂಟು ದಳದ ಹೂಗಳಾಗುತ್ತವೆ—ಆಗ ಚಿಕ್ಕಮ್ಮ ಗಂಟು ತೆಗೆದುಕೊಂಡಳು, ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು, ಜೇಬಿನ ಮೇಲೊಂದು ಸಲ ತಟ್ಟಿದಳು, ತಿನ್ನು, ಬಿಸಿ ಇದೆ, ಅಂದಳು.

ಭೂರ್ಜ ಮರದ ತೊಗಟೆ, ಈರುಳ್ಳಿಯ ಹೊರಪದರದ ಹಾಗೆ ತೆಳ್ಳಗೆ ಸುಲಿದದ್ದು, ನಾಲ್ಕಾಗಿ ಎಂಟಾಗಿ ಮಡಿಸಿ, ಕೋರೆಹಲ್ಲಿನ ತುದಿಯಿಂದ ಒಂದೊಂದೇ ಕಡೆ ಕಚ್ಚಿ ಒತ್ತಬೇಕು, ಹರಿಯದ ಹಾಗೆ, ಕಣ್ಣಿಗೆ ಕಾಣುವುದಿಲ್ಲ, ನಾಲಗೆಯೇ ಕಣ್ಣು, ಚಿಕ್ಕಂದಿನಲ್ಲಿ ಕೊರಿನ್ ಎಷ್ಟು ಕಚ್ಚಿದರೂ ತೊಗಟೆ ತೂತಾಗುತ್ತಿತ್ತು, ನೀನು ಹಸಿದ ಮೊಲ ಇದ್ದಂಗೆ ಕಣೇ, ಎಂದು ಚಿಕ್ಕಮ್ಮ ನಗುತ್ತಿದ್ದಳು. ಬಾಯಿಂದ ನಡುವೆ ತೆಗೀಬಾರ್ದು, ತೆಗೆದ್ರೆ ಹಲ್ಲಿಗೆ ದಾರಿ ತಪ್ಪಿಹೋಗುತ್ತೆ, ಎಲ್ಲಿ ಬಿಟ್ಟಿದ್ದೆ ಅಂತ ಮತ್ತೆ ಸಿಗಲ್ಲ. ಕಚ್ಚಲು ಬಾರದ ಕೊರಿನ್ ಪಟ್ಟಣಕ್ಕೆ ಬಂದು ಉಕ್ಕಿನ ಹಾಳೆ ಕೊರೆಯುವುದನ್ನು ಕಲಿತಳು, ಚಿಕ್ಕಮ್ಮನ ತೊಗಟೆಗಳನ್ನು ಕೇಳಿ ತಂದು ಅದೇ ಚಿತ್ತಾರವನ್ನು ಆಳೆತ್ತರದ ಉಕ್ಕಿನ ತೆರೆಗಳಲ್ಲಿ ಕೊರೆದಳು, ಹಿಂದಿನಿಂದ ಬೆಳಕು ಬಿಟ್ಟಳು, ಊರೂರು ಸುತ್ತಿದವು ಅವು, ಇವತ್ತು ಇಲ್ಲಿ ವೇದಿಕೆಯ ಹಿಂದೆ ನಿಂತಿರುವುದೂ ಅದರಲ್ಲೊಂದು, ಅದರ ನೆರಳು ಅವಳ ಕೈಯ ಮೇಲೆ ಬಿದ್ದಿದೆ, ಚುಕ್ಕಿ ಚುಕ್ಕಿ. ನನ್ ಹಲ್ಲಿಗಿಂತ ನಿನ್ ಮೆಷಿನ್ನಿನ ಹಲ್ಲು ಗಟ್ಟಿ, ಎಂದು ಚಿಕ್ಕಮ್ಮ ಅದನ್ನು ಮೊದಲ ಸಲ ನೋಡಿದಾಗ ಹೇಳಿದ್ದಳು, ಎಷ್ಟು ಹೆಮ್ಮೆಯಿಂದ ಬೇರೆಯವರಿಗೆ ತೋರಿಸಿದ್ದಳು, ನನ್ ಹಲ್ಲು ನೋಡಿ, ನನ್ ಹಲ್ಲು, ಬಸ್ಸಿನಷ್ಟು ದೊಡ್ಡದು. ಜನ ಬಂದು ಕೊರಿನ್ನಳ ಕೈ ಕುಲುಕುತ್ತಿದ್ದರು. ಹಲ್ಲು ಒಬ್ಬರದು, ಕೈ ಇನ್ನೊಬ್ಬರದು. ಚಿಕ್ಕಮ್ಮನಿಗೆ ಅದರಲ್ಲಿ ಎಂದೂ ಏನೂ ಅನ್ನಿಸಿದ ಹಾಗಿರಲಿಲ್ಲ, ಮನೆಯ ಒಳಗಿನದು ಮನೆಯ ಒಳಗೇ ತಾನೇ ಓಡಾಡುತ್ತಿರುವುದು, ಅನ್ನುವಂಥ ಮುಖ.

ಎರಡನೆಯದಾಗಿ, ಮಾತಿನಲ್ಲಿ ಎಲ್ಲರಿಗೂ ಒಂದೇ ಸಮಯ—ಇದಕ್ಕೆ ಇನ್ನೂ ಜೋರು ಚಪ್ಪಾಳೆ, ರೋಡೆಲ್ ತಿರುಗಿ ಅವಳತ್ತ ಕೈ ತೋರಿಸುತ್ತಾನೆ, ಇವಳದೇ ಇದು ಎಂಬಂತೆ, ಜನ ನಗುತ್ತಾರೆ, ಯಾರೋ ಜೇಬಿನಿಂದ ಕಾರ್ಡು ತೆಗೆಯುವ ರೆಫರಿಯ ಹಾಗೆ ಕೈ ಎತ್ತುತ್ತಾರೆ. ಅವಳದೂ ರೋಡೆಲ್‌ನದೂ ಇಬ್ಬರದು ಅದು, ದೊಡ್ಡ ನಾಟಕ ಮಂದಿರವೊಂದರ ಸಭೆಯಲ್ಲಿ ಹುಟ್ಟಿದ್ದು, ಅಲ್ಲಿನ ನಿರ್ದೇಶಕ ಮಹಾಶಯ ಇವರ ಬಗ್ಗೆಯೇ ಇವರ ಮುಂದೆಯೇ ಮಾತಾಡಿದ, ಮಾತಾಡಿದ, ನಾವು ಕೇಳಿಸಿಕೊಳ್ಳುವುದನ್ನು ಕಲಿಯಬೇಕು ಎಂದು ಮುಕ್ಕಾಲು ಗಂಟೆ ಮಾತಾಡಿದ, ಆಮೇಲೆ ಗಡಿಯಾರ ನೋಡಿ ಇವರತ್ತ ತಿರುಗಿ, ಸಮಯ ಇಲ್ಲ, ತಲಾ ಒಂದೊಂದು ವಾಕ್ಯ ಹೇಳಿಬಿಡಿ, ಅಂದ. ರೋಡೆಲ್ ಹೇಳಿದ ವಾಕ್ಯ, ಊಟ ಚೆನ್ನಾಗಿತ್ತು. ಸಹ್ರಾ ತನ್ನ ಸರದಿಯಲ್ಲಿ ಏನೂ ಹೇಳದೆ ತನ್ನ ಒಂದು ವಾಕ್ಯದಷ್ಟು ಹೊತ್ತು ಅವನ ಮುಖವನ್ನೇ ನೋಡಿ ಮೈಕು ಕೆಳಗಿಟ್ಟಳು, ಸೊಮಾಲಿ ಕವಿ ಅವಳು, ಮೌನವನ್ನೂ ಅಳೆದು ಬಡಿಸುತ್ತಾಳೆ. ಆವತ್ತು ಹಿಮ ಬೀಳುವಾಗ ಹೊರಗೆ ಕಾರಿನ ಪಕ್ಕ ನಿಂತು ಮೂವರೂ ಹೊಟ್ಟೆ ಹಿಡಿದು ನಕ್ಕರು, ನಮ್ಮದೇ ಮನೆ ಅಂತ ಒಂದಾದ್ರೆ ಅಲ್ಲಿ ದೊರೆಗೂ ಹತ್ತೇ ನಿಮಿಷ, ಅಂದ ರೋಡೆಲ್, ಕೆಂಪು ಕಾರ್ಡು ತೋರ್ಸಿ ಕೂರಿಸ್ಬಿಡೋದು, ಅಂದಳು ಇವಳು. ನ್ಯಾಯವಾದ ಮಾತೇ. ಈಗಲೂ ನ್ಯಾಯವೇ. ಇವತ್ತು ಬೆಳಗ್ಗೆ ದೊಡ್ಡ ಚಿತ್ರಶಾಲೆಯ ನೀಲಿ ಕೋಟಿನ ಮನುಷ್ಯ ಶುಭ ಹಾರೈಸಲು ಎದ್ದು ಹಾರೈಸುತ್ತಲೇ ಹೋದಾಗ ಅವಳು ಕಾರ್ಡು ಎತ್ತಿದಳು, ಅವನು ನಂಬಲಿಲ್ಲ, ಇನ್ನೊಂದು ವಾಕ್ಯ ಶುರು ಮಾಡಿದ, ಅವಳು ಕಾರ್ಡನ್ನು ಇನ್ನೂ ಮೇಲಕ್ಕೆ ಎತ್ತಿದಳು, ಹಜಾರ ಚಪ್ಪಾಳೆಯಿಂದ ಎದ್ದು ನಿಂತಿತು, ಡೋರಾ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದಳು, ಆ ಹೊತ್ತಿಗೆ ಡೋರಾಗೆ ಇವಳಿನ್ನೂ ಮೇಡಂ ಆಗಿರಲಿಲ್ಲ. ಎಂಥ ಸುಖ ಅದು. ಅಂಗೈಯಲ್ಲಿ ಆ ರಟ್ಟಿನ ತುಂಡು, ಬೆನ್ನ ಹಿಂದೆ ಉಕ್ಕಿನ ತೆರೆಯ ಬೆಳಕು, ದೊಡ್ಡ ಮನುಷ್ಯನೊಬ್ಬ ಬಾಯಿ ಮುಚ್ಚಿಕೊಂಡು ಕೂರುವುದು, ಕೂರಿಸಿದ ಕೈ ನಿನ್ನದಾಗಿರುವುದು, ಮತ್ತೆ ಯಾವಾಗ ಎತ್ತುತ್ತೇನೋ ಎಂದು ಆ ಕೈ ಕಾಯುತ್ತಿತ್ತೇ, ಇಲ್ಲ, ಕಾಯುತ್ತಿರಲಿಲ್ಲ, ಕಾಯುತ್ತಿತ್ತು.

ಚಿಕ್ಕಮ್ಮ ಮಾತಿಗೆ ನಿಂತಾಗ ರೋಡೆಲ್ ಅವಳ ಕತ್ತಿನ ಪಟ್ಟಿಗೆ ಪುಟ್ಟ ಮೈಕು ಸಿಕ್ಕಿಸಿದ, ಇದೇನಪ್ಪಾ ಜಿರಳೆ, ಅಂದಳು ಚಿಕ್ಕಮ್ಮ, ಅದೇ ಎಲ್ಲರಿಗೂ ಕೇಳಿಸಿತು, ನಗು. ಅಜ್ಜಿಯಿಂದ ಶುರು ಮಾಡಿದಳು, ಹೇಳಿದ್ದಳಲ್ಲ, ಹಾಗೇ, ಅಜ್ಜಿ ಯಾವ ಕುಲದವಳು, ನದಿಯ ಯಾವ ತಿರುವಿನಲ್ಲಿ ಹುಟ್ಟಿದಳು, ಯಾರ ದೋಣಿಯಲ್ಲಿ ಮದುವೆಯಾಗಿ ಬಂದಳು, ಆ ದೋಣಿ ಆಮೇಲೆ ಯಾರ ಪಾಲಿಗೆ ಹೋಯಿತು, ಮೂರನೆಯ ಸಾಲು ಪ್ರತಿ ಹೆಸರಿಗೂ ತಲೆಯಾಡಿಸುತ್ತಿತ್ತು, ಅವರ ಪಾಲಿಗೆ ಅದು ಪೀಠಿಕೆಯಲ್ಲ, ಅದೇ ವಿಷಯ, ಮುಂದಿನ ಸಾಲಿನಲ್ಲಿ ಸಂಸ್ಕೃತಿ ಇಲಾಖೆಯ ಹೆಂಗಸು ತಲೆ ವಾಲಿಸಿಕೊಂಡು ಮುಗುಳ್ನಗುತ್ತಿದ್ದಳು, ಮಗುವೊಂದು ಪದ್ಯ ಹೇಳುವಾಗ ನಗುತ್ತಾರಲ್ಲ, ಆ ನಗು. ಹತ್ತು ನಿಮಿಷ ಅಜ್ಜಿಗೇ ಸರಿಹೋಯಿತು. ಮುಗಿಯಿತು ಎಂದು ಕೊರಿನ್ ಅಂದುಕೊಂಡಾಗ ಚಿಕ್ಕಮ್ಮ ಒದ್ದೆ ಬಟ್ಟೆಯಿಂದ ತೊಗಟೆ ತೆಗೆದಳು, ಒಂದು ಸಲ ಉಸಿರು ಬಿಟ್ಟು ಬೆಚ್ಚಗೆ ಮಾಡಿದಳು, ಮಡಿಸಿದಳು, ಇನ್ನು ಸ್ವಲ್ಪ ಹೊತ್ತು ನನ್ ಬಾಯಿ ಸುಮ್ನಿರುತ್ತೆ, ನೀವೂ ಸುಮ್ನಿರಿ, ಅಂದು ಹಲ್ಲಿನ ನಡುವೆ ಇಟ್ಟುಕೊಂಡಳು. ಕತ್ತಿನ ಮೈಕಿನಿಂದ ಆ ಸದ್ದು ಇಡೀ ಹಜಾರಕ್ಕೆ ಕೇಳಿಸಿತು, ಟಿಕ್, ಟಿಕ್, ಒಣ ಹಿಮದ ಮೇಲೆ ಯಾವುದೋ ಸಣ್ಣ ಪ್ರಾಣಿ ನಡೆದ ಹಾಗೆ, ಚಾವಣಿಯಲ್ಲಿ ಕೂತಿದ್ದ ವ್ಯಾಪಾರಿಗಳ ಕೂಗು ಕೂಡ ಬಾಯಿ ಮುಚ್ಚಿಕೊಂಡು ಕೇಳುತ್ತಿತ್ತು. ಟಿಕ್. ಚಿಕ್ಕಮ್ಮನ ಕಣ್ಣು ಅರ್ಧ ಮುಚ್ಚಿತ್ತು, ದವಡೆ ಮೆಲ್ಲಗೆ ಓಡುತ್ತಿತ್ತು, ಎಡಕ್ಕೆ, ಬಲಕ್ಕೆ. ಆಗ ಕೊರಿನ್ ನೋಡಬಾರದ ಕಡೆ ನೋಡಿದಳು, ನೀಲಿ ಕೋಟಿನ ಮನುಷ್ಯ ಕೈ ಕಟ್ಟಿಕೊಂಡು ಕೂತಿದ್ದ, ಚಿಕ್ಕಮ್ಮನನ್ನು ನೋಡುತ್ತಿರಲಿಲ್ಲ, ಇವಳನ್ನು ನೋಡುತ್ತಿದ್ದ, ಹುಬ್ಬು ಒಂದೇ ಒಂದಿಷ್ಟು ಮೇಲೆ, ಈಗ ನೋಡೋಣ ಎಂಬಂತೆ. ನಿಮ್ಮವರಿಗೊಂದು ನ್ಯಾಯ, ನಮಗೊಂದು, ಎಂದು ಆ ಹುಬ್ಬು ಅಂದಿತು, ಅಂದಿತೋ ಇವಳೇ ಅಂದುಕೊಂಡಳೋ, ಕೈ ಹೋಯಿತು, ಕಾರ್ಡು ಎದ್ದಿತು.

ಯಾರೂ ಎತ್ತು ಅನ್ನಲಿಲ್ಲ. ಇದನ್ನೇ ಅವಳು ತಿರುಗಿಸಿ ತಿರುಗಿಸಿ ನೋಡುತ್ತಾಳೆ, ಯಾರಾದರೂ ಹೇಳಿದ್ದರೆ, ರೋಡೆಲ್ ಕಣ್ಣು ಮಿಟುಕಿಸಿದ್ದರೆ, ಇಲಾಖೆಯವಳು ಗಡಿಯಾರ ನೋಡಿದ್ದರೆ, ಹಿಡಿದುಕೊಳ್ಳಲು ಒಂದು ಕೊಂಬೆಯಾದರೂ ಇರುತ್ತಿತ್ತು. ಚಿಕ್ಕಮ್ಮ ಕಣ್ಣು ತೆರೆದಳು, ಎದುರಿಗೆ ಕಾರ್ಡು, ಕಾರ್ಡಿನ ಹಿಂದೆ ತಾನು ಎತ್ತಿ ಆಡಿಸಿದ ಮುಖ, ದವಡೆ ನಿಂತಿತು. ಟಿಕ್ ಸದ್ದು ನಿಂತಿತು. ತೊಗಟೆ ಹಲ್ಲಿನ ನಡುವೆಯೇ ಇತ್ತು, ತುಟಿ ಸ್ವಲ್ಪ ತೆರೆದಿತ್ತು, ಅಷ್ಟು ದೊಡ್ಡ ಹಜಾರದಲ್ಲಿ ಒಂದು ದವಡೆ ನಿಂತದ್ದು ಹೇಗೆ ಅಷ್ಟು ಜೋರಾಗಿ ಕೇಳಿಸಿತೋ. ಸಿಟ್ಟಿರಲಿಲ್ಲ ಆ ಕಣ್ಣಿನಲ್ಲಿ, ಸಿಟ್ಟಾದರೆ ಚಿಕ್ಕಮ್ಮ ಬೈಯುತ್ತಾಳೆ, ಬೈದು ಊಟ ಹಾಕುತ್ತಾಳೆ, ಇದು ಬೇರೆ, ಗುರುತು ಸಿಗದವರನ್ನು ಯಾರ ಮನೆಯವರು ಎಂದು ಹುಡುಕುವ ನೋಟ. ಆಮೇಲೆ ತೊಗಟೆಯನ್ನು ಬಾಯಿಂದ ತೆಗೆದಳು, ಬಿಚ್ಚಲಿಲ್ಲ, ನೋಡಲೂ ಇಲ್ಲ, ತೋಳಿಗೆ ಒರೆಸಿ ಕರವಸ್ತ್ರದಲ್ಲಿ ಸುತ್ತಿ ಒಳಗಿಟ್ಟಳು, ನನ್ ಮಗಳು ಸಾಕು ಅಂತಿದ್ದಾಳೆ, ಪಾಪ ಹಸಿವಾಗಿರ್ಬೇಕು, ಏಳಿ ಎಲ್ರೂ, ಸೂಪು ಆರುತ್ತೆ, ಅಂದಳು, ಹಜಾರ ನಕ್ಕಿತು, ಅಷ್ಟು ಜೋರು ಚಪ್ಪಾಳೆ ಬೆಳಗ್ಗೆಯಿಂದ ಯಾರಿಗೂ ಬಿದ್ದಿರಲಿಲ್ಲ, ಎಂಥ ದೊಡ್ಡ ಮನಸ್ಸು, ಎಂಥ ಹಾಸ್ಯ, ಮೂರನೆಯ ಸಾಲು ಮಾತ್ರ ತಂತಮ್ಮ ಮಡಿಲು ನೋಡಿಕೊಂಡಿತು, ಗಂಟು ಕೊಟ್ಟು ಕೇಳಿದವಳು ಹಸಿವು ತಡೆಯಲಿಲ್ಲ ಅನ್ನಿಸಿಕೊಳ್ಳುವುದು, ಊರಿನಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ. ಚಿಕ್ಕಮ್ಮ ನಡೆದು ಬಂದು ಗಂಟನ್ನು ಮೇಜಿನ ಮೇಲಿಟ್ಟಳು, ಎಸೆಯಲಿಲ್ಲ, ಮೊಟ್ಟೆ ಇಟ್ಟ ಹಾಗೆ ಇಟ್ಟಳು, ಇದು ನಿಂದು, ಇಟ್ಕೋ, ಅಂದಳು.

ಮೂರನೆಯದಾಗಿ—ರೋಡೆಲ್‌ನ ಧ್ವನಿ, ಏನು ಮೂರನೆಯದು, ಮಕ್ಕಳಿಗೆ ಕಲಿಸುವುದರ ಬಗ್ಗೆ, ಹಿರಿಯರು ಬಂದು ಕಲಿಸುವುದು, ಅವರ ಇಷ್ಟದಂತೆ, ಅವರ ಹೊತ್ತಿಗೆ. ಅವರ ಹೊತ್ತಿಗೆ. ಅದನ್ನೂ ಅವಳೇ ಬರೆದಳೇ, ಅವಳೇ. ಊಟದ ಹೊತ್ತಿನಲ್ಲಿ ಸಹ್ರಾ ತಟ್ಟೆ ಹಿಡಿದು ಪಕ್ಕ ಬಂದು ಕೂತಳು, ತಿನ್ನುತ್ತ ತಿನ್ನುತ್ತ, ನಮ್ ಕಡೆ ಮುದುಕಿ ಮಾತಾಡುವಾಗ ಒಂಟೆ ಕೂಡ ಎದ್ದು ಹೋಗಲ್ಲಮ್ಮಾ, ಕಾರ್ಡು ತೋರಿಸೋ ಒಂಟೆ ಇವತ್ತೇ ನೋಡಿದ್ದು, ಅಂದಳು, ಅಂದು ತನ್ನ ತಟ್ಟೆಯ ಸಮೋಸ ಒಂದನ್ನು ಇವಳ ತಟ್ಟೆಗೆ ಹಾಕಿದಳು, ಅದೇ ಅವಳ ಕ್ರಮ, ಚುಚ್ಚಿ ಮೇಲೆ ಮುಲಾಮು. ನಿಯಮ ಎಲ್ಲರಿಗೂ ಒಂದೇ ಅಲ್ವಾ ಸಹ್ರಾ, ಎಂದು ಇವಳು ಹೇಳಿದಳು, ಎಷ್ಟು ತೆಳ್ಳಗೆ ಬಂತು ಧ್ವನಿ. ಹೌದೌದು, ಅಂದಳು ಸಹ್ರಾ, ಆ ನೀಲಿ ಕೋಟಿನವನಿಗೆ ಹೋಗಿ ಹೇಳು, ಬಹಳ ಮೆಚ್ಕೊಂಡಿದ್ದಾನೆ. ನಿಜ, ಅವನು ಮೆಟ್ಟಿಲ ಹತ್ತಿರ ತಡೆದು ಕೈ ಕುಲುಕಿದ್ದ, ನೀವು ಪಕ್ಷಪಾತ ಮಾಡೋರಲ್ಲ, ನಿಮ್ಮಂಥೋರ ಜೊತೆ ಕೆಲಸ ಮಾಡಬಹುದು, ಅಂದಿದ್ದ, ಅವನ ಅಂಗೈ ಬೆಚ್ಚಗಿತ್ತು, ಇವಳು ಥ್ಯಾಂಕ್ಸ್ ಅಂದಿದ್ದಳು. ಸಮೋಸದ ತುಂಡೊಂದು ಬಾಯಿಗಿಟ್ಟುಕೊಂಡಳು, ಆಗಲೇ ಆ ಇನ್ನೊಂದು ನೆನಪಾದದ್ದು, ನೆನಪಾಗದಿದ್ದರೆ ಏನಾಗುತ್ತಿತ್ತು, ಕ್ರೈಸ್ತ ಸನ್ಯಾಸಿನಿಯರ ವಸತಿ ಶಾಲೆ. ಚಿಕ್ಕಮ್ಮ ಅದನ್ನು ನಗುನಗುತ್ತಲೇ ಹೇಳುತ್ತಿದ್ದಳು, ಮೀನು ಕೆರೆಯುತ್ತ, ಆರು ವರ್ಷದವಳು, ಊರಿನಿಂದ ಹೊತ್ತುಕೊಂಡು ಹೋಗಿ ಕೂದಲು ಕತ್ತರಿಸಿ ಸಾಲಿನಲ್ಲಿ ನಿಲ್ಲಿಸಿದ್ದರು, ಅಂಗಳದಲ್ಲೊಂದು ಭೂರ್ಜ ಮರ ಇತ್ತು, ಸಿಪ್ಪೆ ಕಿತ್ತು ಬಾಯಿಗಿಟ್ಟುಕೊಂಡಳು, ಅಜ್ಜಿಯ ರುಚಿ ಇತ್ತು ಕಣೇ ಅದಕ್ಕೆ, ಸನ್ಯಾಸಿನಿ ಬಂದು ಗಲ್ಲದ ಕೆಳಗೆ ಅಂಗೈ ಒಡ್ಡಿ, ಉಗುಳು, ಅಂದಳು, ಉಗುಳಿದೆ, ಇನ್ನೇನ್ ಮಾಡ್ಲಿ, ಅವಳ ಕೈ ಅಷ್ಟು ದೊಡ್ಡದಿತ್ತು. ಆ ಕತೆಗೇ ಬರುತ್ತಿದ್ದಳು ಇವತ್ತು. ಅಜ್ಜಿಯಿಂದ ಶುರು ಮಾಡಿದ್ದು ಅಲ್ಲಿಗೆ ಬಂದು ಮುಟ್ಟುವುದಕ್ಕೆ, ಮೊದಲು ಕಚ್ಚಿ, ಬಿಚ್ಚಿ, ಬೆಳಕಿಗೆ ಹಿಡಿದು ತೋರಿಸಿ, ಆಮೇಲೆ ಅದು, ಆಮೇಲೆ ಕೊರಿನ್ನಳ ಹೆಗಲ ಮೇಲೆ ಕೈಯಿಟ್ಟು ಇವಳು ನಮ್ಮವಳು ಎಂಬ ಆ ಒಂದು ಮಾತು. ಕಾರ್ಡು ಗಲ್ಲದ ಕೆಳಗೆ ಒಡ್ಡಿದ ಅಂಗೈ ಆಯಿತು. ದವಡೆ ನಿಂತಿತು.

ಹೀಗಾಗಿ ಈ ಮನೆಯ ಯಜಮಾನಿಕೆಗೆ, ಎಂದು ರೋಡೆಲ್ ಧ್ವನಿ ಏರಿಸಿದ, ಕಾಗದದಿಂದ ಮುಖ ಎತ್ತಿದ, ನಮ್ಮೆಲ್ಲರ ಅಕ್ಕ, ಕೊರಿನ್ ಗಿಮಾಂಡ್—ಜನ ಎದ್ದು ನಿಲ್ಲುತ್ತಿದ್ದಾರೆ, ಕುರ್ಚಿಗಳ ಸದ್ದು, ಮೂರನೆಯ ಸಾಲೂ ಎದ್ದಿತು, ಎದ್ದು ನಿಂತು ಕೈ ಕೆಳಗೇ ಇಟ್ಟುಕೊಂಡಿತು, ಅವಮಾನ ಮಾಡುವವರಲ್ಲ ಅವರು, ಬಂದ ಮೇಲೆ ಎದ್ದು ನಿಲ್ಲುತ್ತಾರೆ, ಅಷ್ಟೇ. ಇವಳ ಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು ಜಾಗ, ಬಿಟ್ಟದ್ದೇ ಅದಕ್ಕೆ, ಚಿಕ್ಕಮ್ಮನಿಗೆ. ಅವಳು ಎದ್ದಳು. ಕೈ ಮೈಕಿನ ಕಡೆ ಹೋಗಬೇಕಾಗಿತ್ತು, ಲೋಟದ ಆಚೆಗೆ ಹೋಯಿತು, ಎಡಗೈ, ಗಂಟು ಅಂಗೈಯೊಳಗೆ ಬಂತು, ಹಗುರ, ಏನೂ ಇಲ್ಲದಷ್ಟು ಹಗುರ, ಅಕ್ಕಾ, ಎಲ್ಲಿಗೆ, ಅಂದ ರೋಡೆಲ್, ಬಂದೆ, ಅಂದಳು, ಆಮೇಲೆ ಮೈಕು ಅವನ ಗೊಣಗನ್ನು ಹಜಾರಕ್ಕೆ ಹೇಳಿಬಿಟ್ಟಿತು, ಅಳೋಕೆ ಹೋಗ್ತಿದ್ದಾಳೆ, ಮೈಕಿಂದ ದೂರ ಅಂತ ನಾನೇ ಹೇಳಿದ್ದೆ, ಜನ ಪ್ರೀತಿಯಿಂದ ನಗುತ್ತಾರೆ, ಚಪ್ಪಾಳೆ ಹೊಡೆಯುತ್ತಲೇ ಇದ್ದಾರೆ, ಆ ಚಪ್ಪಾಳೆ ಬೆನ್ನಿಗೆ ಬೀಳುತ್ತಿದೆ, ಪಕ್ಕದ ಬಾಗಿಲು, ಮೆಟ್ಟಿಲು, ಕಬ್ಬಿಣದ ಕಟಕಟೆ ತಣ್ಣಗೆ, ಕೇಳಬೇಕು, ಮತ್ತೆ ಕೇಳಬೇಕು, ಏನೆಂದು ಕೇಳಬೇಕು, ಕ್ಷಮಿಸು ಎಂದೇ, ಕ್ಷಮಿಸು ಎನ್ನುವುದು ಕೇಳಿಕೆಯಲ್ಲ, ಅದು ತನ್ನ ಹೊರೆಯನ್ನು ಅವಳ ಮಡಿಲಿಗೆ ಹಾಕುವುದು, ಬಂದು ನನ್ನ ಪಕ್ಕ ನಿಲ್ಲು ಎಂದೇ, ಥೂ, ಇನ್ನೂ ಅದೇ, ಇನ್ನೂ ನನ್ನ ಪಕ್ಕ ನನ್ನ ಪಕ್ಕ, ಹಾಗಾದರೆ ಮುಗಿಸು ಎಂದು ಕೇಳಬೇಕು, ಅಷ್ಟೇ ಸರಿ, ಬಾಯಲ್ಲಿದ್ದದ್ದನ್ನು ಮುಗಿಸು ಚಿಕ್ಕಮ್ಮಾ, ಅಲ್ಲಿ ಬೇಡ, ಎಲ್ಲಿ ಬೇಕೋ ಅಲ್ಲಿ, ನಾನು ಕೂತಿರುತ್ತೇನೆ, ಆ ತೊಗಟೆ ಆಗಲಿಲ್ಲವೆಂದರೆ ಬೇರೆ ತೊಗಟೆ, 

ಹೊರಗೆ ಗಾಳಿ, ಮೇಲಂಗಿ ಇಲ್ಲದೆ ಬಂದಿದ್ದಾಳೆ, ಕಣ್ಣಿಗೆ ಹಿಮದ ಪುಡಿ, ಕಾರುಗಳ ಸಾಲಿನ ಕೊನೆಯಲ್ಲಿ ಅಲ್ಸಿಡ್ ಮಾಮನ ಹಳೆಯ ಟ್ರಕ್ಕು, ಎಂಜಿನ್ನು ಚಾಲೂ ಇದೆ, ಹಿಂದಿನಿಂದ ಬಿಳಿ ಹೊಗೆ, ಹೋಗಿಲ್ಲ, ದೇವರೇ, ಇನ್ನೂ ಹೋಗಿಲ್ಲ, ಚಿಕ್ಕಮ್ಮನ ನೆರೆಮನೆಯವನು, ಯಾವಾಗಲೂ ಅವಳನ್ನು ಕೂರಿಸಿಕೊಂಡು ಓಡಾಡುವವನು, ಇಳಿದು ಗಾಜಿನ ಮೇಲಿನ ಹಿಮ ಕೆರೆಯುತ್ತಿದ್ದಾನೆ, ಇವಳನ್ನು ನೋಡಿ, ಏನಮ್ಮಾ ರಾಣಿ, ನಿಮ್ ಹೊಸ ಅರಮನೆಯಲ್ಲಿ ಟ್ರಕ್ಕು ನಿಲ್ಲಿಸೋಕೆ ಜಾಗ ಇಲ್ವಲ್ಲ, ಎಲ್ಲೋ ಬಿಟ್ಟಿದ್ದನ್ನ ತರೋಕೇ ಇಷ್ಟೊತ್ತಾಯ್ತು, ಅದನ್ನೂ ಒಂದು ತೀರ್ಮಾನ ಮಾಡಿ, ಅಂದ, ಅವನಿಗೆ ಗೊತ್ತಿಲ್ಲ, ಚಿಕ್ಕಮ್ಮ ಅವನಿಗೂ ಹೇಳಿಲ್ಲ, ಯಾರಿಗೂ ಹೇಳುವುದಿಲ್ಲ, ಅದು ಇನ್ನೂ ಕಷ್ಟ. ಬಾಗಿಲ ಕಡೆ ನಡೆಯುತ್ತಾಳೆ, ಎಡಗೈ ಮುಂದೆ, ಗಂಟಿನ ಮೇಲೆ ಹಿಮ ಬೀಳುತ್ತಿದೆ, ಮುಗಿಸು ಎಂದು ಕೇಳಬೇಕು, ಮುಗಿಸು, ಮುಗಿಸು, ಗಾಜಿನೊಳಗೆ ಚಿಕ್ಕಮ್ಮ, ತಲೆಗೆ ಸ್ಕಾರ್ಫು, ತೊಡೆಯ ಮೇಲೆ ಕಾಗದದ ಪೊಟ್ಟಣ, ಊಟಕ್ಕೆ ನಿಲ್ಲಲಿಲ್ಲವಲ್ಲ, ಅಲ್ಸಿಡ್ ಮಾಮ ಎಲ್ಲಿಂದಲೋ ತಂದುಕೊಟ್ಟ ಬ್ರೆಡ್ಡು, ಮುರಿದು ಮುರಿದು ತಿನ್ನುತ್ತಿದ್ದಾಳೆ, ಹಸಿವಿನವರು ತಿನ್ನುವ ಹಾಗೆ, ದವಡೆ ಓಡುತ್ತಿದೆ, ಎಡಕ್ಕೆ, ಬಲಕ್ಕೆ, ಕೊರಿನ್ ಗಾಜಿನ ಮುಂದೆ ನಿಂತಳು, ಚಾಚಿದ ಕೈಯಲ್ಲಿ ಕೆಂಪು, ಚಿಕ್ಕಮ್ಮ ತಲೆ ಎತ್ತಿದಳು, ಕೈಯನ್ನು ನೋಡಿದಳು, ಕೆಂಪನ್ನು ನೋಡಿದಳು, ಬಾಯಲ್ಲಿ ತುತ್ತು ಹಾಗೇ ಇತ್ತು,

ದವಡೆ ನಿಂತಿತು.